ಕತ್ತಲನ್ನು ಎಷ್ಟು ಎತ್ತಬೇಕು?

ಎಚ್‌ಡಿಆರ್ ಛಾಯಾಚಿತ್ರಗಳು ಕೃತಕ ಎಂಬ ದೂರು ಬಂದಾಗಲೆಲ್ಲ ತಪ್ಪು ಹೊರಿಸುವುದು ಹಲವು ಎಕ್ಸ್‌ಪೋಷರ್‌ಗಳನ್ನು ಬೆಸೆಯುವ ಕೆಲಸದ ಮೇಲೆ. ಅದು ಸರಿಯಲ್ಲ. 1850ರ ದಶಕದಲ್ಲೇ ಫ್ರಾನ್ಸಿನ ಗುಸ್ತಾವ್ ಲ ಗ್ರೇ ತನ್ನ ಕೆಲವು ಕಡಲ ಚಿತ್ರಗಳಿಗೆ ಆಕಾಶಕ್ಕೊಂದು, ನೀರಿಗೊಂದು ಗಾಜಿನ ನೆಗೆಟಿವ್ ಬಳಸಿ ದಿಗಂತದ ಗೆರೆಯಲ್ಲಿ ಎರಡನ್ನೂ ಕೂಡಿಸಿದ್ದ. ಅಂದಿನ ಕೊಲೋಡಿಯನ್ ಲೇಪ ನೀಲಿ ಬೆಳಕಿಗೆ ಬಲು ಬೇಗ ಸ್ಪಂದಿಸುತ್ತಿತ್ತು; ನೀರು ಮೂಡುವಷ್ಟರಲ್ಲಿ ಆಕಾಶ ಬರೀ ಬಿಳುಪಾಗುತ್ತಿತ್ತು. ಎರಡು ನೆಗೆಟಿವ್ ಬೆಸೆದರೂ ಆ ಚಿತ್ರಗಳಲ್ಲಿ ಮೋಡ ಬೆಳಗುತ್ತದೆ, ಕಡಲು ಅದಕ್ಕಿಂತ ಮಂದವಾಗಿಯೇ ಉಳಿಯುತ್ತದೆ. ಡಿಜಿಟಲ್ ಕಾಲದಲ್ಲಿ ಪಾಲ್ ಡೆಬೆವೆಕ್ ಮತ್ತು ಜಿತೇಂದ್ರ ಮಲಿಕ್ 1997ರಲ್ಲಿ ತೋರಿಸಿಕೊಟ್ಟ ವಿಧಾನವೂ ಬೇರೆಬೇರೆ ಎಕ್ಸ್‌ಪೋಷರ್‌ಗಳಿಂದ ದೃಶ್ಯದ ನಿಜವಾದ ಬೆಳಕಿನ ಅನುಪಾತವನ್ನು ಮರಳಿ ಪಡೆಯುವುದೇ ಆಗಿತ್ತು. ಬೆಸುಗೆಯಾದ ಫೈಲ್ ಪ್ರಾಮಾಣಿಕ. ಅಷ್ಟು ಅಗಲದ ಬೆಳಕನ್ನು ಪರದೆಗೆ ಅಥವಾ ಕಾಗದಕ್ಕೆ ಇಳಿಸುವ ಟೋನ್ ಮ್ಯಾಪಿಂಗ್‌ನಲ್ಲಿ, ಯಾವುದಕ್ಕಿಂತ ಯಾವುದು ಬೆಳಗಿತ್ತು ಎಂಬ ಕ್ರಮ ಕೆಟ್ಟಾಗಲೇ ಚಿತ್ರ ಸುಳ್ಳಾಗುವುದು.

ಬೇಲೂರಿನ ಚೆನ್ನಕೇಶವ ಗುಡಿಯ ನವರಂಗವನ್ನೇ ನೋಡಿ. ಮೊದಲು ತೆರೆದಿದ್ದ ಈ ಮಂಟಪಕ್ಕೆ ಇಮ್ಮಡಿ ಬಲ್ಲಾಳನ ಕಾಲದಲ್ಲಿ ಜಾಲಂಧ್ರಗಳು, ಅಂದರೆ ಕಲ್ಲಿನ ಜಾಲರಿಗಳು, ಬಂದವು. ಒಳಗಿನ ಮಬ್ಬು ಅವನ್ನು ಕೂರಿಸಿದವರೇ ಆರಿಸಿಕೊಂಡದ್ದು. ಹೊರಗೆ ಮಧ್ಯಾಹ್ನದ ಬಿಸಿಲು, ಒಳಗೆ ತಿರುಗಣಿಯಲ್ಲಿ ಕಡೆದ ನುಣುಪು ಕಂಬಗಳು. ಒಂದೇ ಎಕ್ಸ್‌ಪೋಷರ್‌ಗೆ ಎರಡೂ ದಕ್ಕುವುದಿಲ್ಲ. ಟ್ರೈಪಾಡ್ ಮೇಲೆ, ಅಪರ್ಚರ್ ಬದಲಿಸದೆ, ಎರಡೆರಡು ಸ್ಟಾಪ್ ಅಂತರದಲ್ಲಿ ಮೂರು ರಾ ಚಿತ್ರ ತೆಗೆದರೆ ನಾಲ್ಕು ಸ್ಟಾಪ್, ಅಂದರೆ 16 ಪಟ್ಟು ಹೆಚ್ಚಿನ ವ್ಯಾಪ್ತಿ ಕೈಗೆ ಬರುತ್ತದೆ. ಇಲ್ಲಿಯವರೆಗೆ ಯಾರದ್ದೂ ತಕರಾರಿಲ್ಲ. ಆಮೇಲಿನ ರೂಢಿ ಮಾತ್ರ ನನಗೆ ಒಪ್ಪಿಗೆಯಿಲ್ಲ: ಹೈಲೈಟ್ಸ್ ಪೂರ್ತಿ ಕೆಳಕ್ಕೆ, ಶ್ಯಾಡೋಸ್ ಪೂರ್ತಿ ಮೇಲಕ್ಕೆ, ಚಿತ್ರ ಸಪ್ಪೆಯಾಯಿತೆಂದು ಕ್ಲಾರಿಟಿ ಜೋರು. ಫಲ ಕಂಬದ ಮೇಲೆಯೇ ಕಾಣುತ್ತದೆ. ಕಡೆದ ಬಳೆಯ ಉಬ್ಬಿನ ಮೇಲೆ ಬಾಗಿಲ ಬೆಳಕಿನ ಸಣ್ಣ ಹೊಳಪು, ಎರಡು ಬಳೆಗಳ ನಡುವಿನ ತಗ್ಗಿನಲ್ಲಿ ಕಪ್ಪು: ಕಂಬ ದುಂಡಗೆ ಕಾಣುವುದು ಇವೆರಡರಿಂದ. ತಗ್ಗು ಬೂದುಬಣ್ಣಕ್ಕೆ ಬಂದ ಕೂಡಲೇ ಕಲ್ಲು ಚಪ್ಪಟೆಯಾಗುತ್ತದೆ, ಬೆಳಕು ಯಾವ ಕಡೆಯಿಂದ ಬಂತೆಂಬುದೇ ತಿಳಿಯುವುದಿಲ್ಲ. ಜಾಲಂಧ್ರದ ಸುತ್ತಲಂತೂ ಇನ್ನೂ ಅನ್ಯಾಯ. ಬೆಳಕಿನ ಕಿಂಡಿಗೆ ಅಂಟಿದ ಕಲ್ಲಿನ ಮೇಲೆ ಹ್ಯಾಲೊ ಎನ್ನುವ ಕಪ್ಪು ಅಂಚೊಂದು ಮೂಡಿ, ದೂರದ ಕಲ್ಲು ಅದಕ್ಕಿಂತ ಬೆಳ್ಳಗಾಗುತ್ತದೆ. ಇದು ರುಚಿಯ ಪ್ರಶ್ನೆ ಎನ್ನುವವರು ಬೆಸೆದ ಫೈಲ್‌ನಲ್ಲೂ ಮುಗಿದ ಚಿತ್ರದಲ್ಲೂ ಆ ಎರಡು ಜಾಗಗಳ ಮೌಲ್ಯ ಓದಿ ನೋಡಲಿ; ತಲೆಕೆಳಗಾದ ಕ್ರಮ ಅಂಕಿಯಲ್ಲೇ ಸಿಗುತ್ತದೆ.

ಕಣ್ಣಿಗೆ ಎಲ್ಲವೂ ಕಾಣುತ್ತಿತ್ತು, ಕ್ಯಾಮೆರಾದ ಕೊರತೆಯನ್ನು ಎಚ್‌ಡಿಆರ್ ತುಂಬುತ್ತದೆ ಎಂಬ ವಾದದಲ್ಲಿ ಹುರುಳಿದೆ, ಅರ್ಧದಷ್ಟು. ಕಣ್ಣು ಜಾಲಂಧ್ರದ ಮೇಲೆ ನೆಟ್ಟಾಗ ಅದಕ್ಕೆ, ನಡುಚಾವಣಿಯ ಭುವನೇಶ್ವರಿಯತ್ತ ಎತ್ತಿದಾಗ ಆ ಕತ್ತಲಿಗೆ ಹೊಂದಿಕೊಳ್ಳುತ್ತದೆ. ಎಲ್ಲವನ್ನೂ ಅದು ಕಂಡಿದ್ದು ಹೊತ್ತು ತೆಗೆದುಕೊಂಡು, ಒಂದಾದ ಮೇಲೊಂದು. ಎರಡೂ ಒಂದೇ ಬೆಳಕಿನಲ್ಲಿದ್ದವು ಎಂದು ಅದಕ್ಕೆ ಒಮ್ಮೆಯೂ ಅನಿಸಿರುವುದಿಲ್ಲ. ಹಾಗಾಗಿ ಸ್ಲೈಡರ್ ಮುಟ್ಟುವ ಮೊದಲೇ, ಈ ಚಿತ್ರದಲ್ಲಿ ಕಪ್ಪಾಗಿಯೇ ಉಳಿಯಬೇಕಾದ ಜಾಗ ಯಾವುದೆಂದು ಗೊತ್ತುಮಾಡಿಕೊಳ್ಳಬೇಕು. ಎತ್ತಲೇಬೇಕಾದ ಕಡೆ ಇಡೀ ಚಿತ್ರಕ್ಕೆ ಅನ್ವಯಿಸುವ ಶ್ಯಾಡೋಸ್ ಬಿಟ್ಟು, ಮೆತ್ತನೆಯ ಅಂಚಿನ ಮಾಸ್ಕ್ ಹಾಕಿ ಆ ಜಾಗವನ್ನಷ್ಟೇ ಎತ್ತಬಹುದು. ಡಾರ್ಕ್‌ರೂಮ್‌ನಲ್ಲಿ ಆನ್ಸೆಲ್ ಆಡಮ್ಸ್ ಕೈಯಡ್ಡ ಹಿಡಿದು ಮಾಡುತ್ತಿದ್ದ ಕೆಲಸವೂ ಇದೇ ಜಾತಿಯದು. ಆಟೋ ಗುಂಡಿಗೆ ಈ ವಿವೇಚನೆ ಇಲ್ಲ.

ದಾಖಲಾತಿಗಾಗಿ ತೆಗೆದ ಚಿತ್ರದ ಮಾತು ಬೇರೆ ಎನ್ನುವ ಆಕ್ಷೇಪವನ್ನು ಒಪ್ಪುತ್ತೇನೆ. ಕಲ್ಲಿನ ಬಿರುಕು ಹುಡುಕುವವರಿಗೆ ನೆರಳಿನ ಸೊಗಸು ಬೇಕಿಲ್ಲ, ಸಮನಾದ ಬೆಳಕು ಬೇಕು. ಅವರಿಗೂ ಹ್ಯಾಲೊ ಅಪಾಯಕಾರಿಯೇ. ಇಲ್ಲದ ಅಂಚನ್ನು ಅದು ಇದೆಯೆಂದು ತೋರಿಸುತ್ತದೆ. ಅವರ ಕೈಗೆ ಮಿಂಚಿಸಿದ ಜೆಪೆಗ್ ಕೊಡುವ ಬದಲು ಮೂಲ ರಾ ಚಿತ್ರಗಳನ್ನೂ ಬೆಸೆದ ಫೈಲನ್ನೂ ಕೊಟ್ಟರೆ, ಕಂಬದ ಯಾವ ತಗ್ಗನ್ನು ಎಷ್ಟು ತೆರೆದು ನೋಡಬೇಕೆಂಬುದನ್ನು ಅವರೇ ಆರಿಸಿಕೊಳ್ಳಬಹುದು.