ಉತ್ತರದಿಂದ ಬಂದವರು: ತಿರುವನಂತಪುರದ ಕಥನಗಳಲ್ಲಿ ಗಡಿನಾಡಿನ ಸ್ಥಾನ

ಕಾಸರಗೋಡಿನ ಕನ್ನಡ ಬರವಣಿಗೆಯಲ್ಲಿ ತಿರುವನಂತಪುರವು ಒಂದು ಊರಾಗಿ ಕಾಣಿಸಿಕೊಳ್ಳುವುದು ಅಪರೂಪ. ಅದು ಆದೇಶಗಳು ಹೊರಡುವ, ಮನವಿಗಳು ತಲುಪಬೇಕಾದ ಸ್ಥಳ. ಅದಕ್ಕೆ ಬೀದಿಗಳಿಲ್ಲ, ಮಳೆಯಿಲ್ಲ, ನೆನಪುಗಳಿಲ್ಲ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದ ತಾಲೂಕಿನ ಲೇಖಕರಿಗೆ ಆ ನಗರದ ಬಗ್ಗೆ ಆತ್ಮೀಯತೆ ಮೂಡದಿದ್ದುದು ಸಹಜವೇ. ಕಯ್ಯಾರ ಕಿಞ್ಞಣ್ಣ ರೈಯವರ ಹೋರಾಟದ ಕವಿತೆಗಳಿಗೆ ಕಳೆದುಹೋಗುತ್ತಿರುವ ಮನೆಯ ಸಂಕಟ ಮುಖ್ಯವಾಗಿತ್ತು. ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ಲೋಕ ಒಂದು ನದಿಯ ಆಸುಪಾಸಿನದು. ಆದರೆ ಗಡಿನಾಡಿನ ವಿಮರ್ಶೆಯೂ ಈ ಮೌನವನ್ನೇ ಮುಂದುವರಿಸಬೇಕಾಗಿಲ್ಲ. ಈ ರಾಜಧಾನಿ ತನ್ನ ಬಗ್ಗೆ ಹೇಳಿಕೊಂಡ ಕಥನಗಳಲ್ಲಿ ಉತ್ತರದ ಸೀಮೆ ಮೊದಲಿನಿಂದಲೂ ಇದೆ. ಅದು ಅಲ್ಲಿ ಯಾವ ಯಾವ ವೇಷದಲ್ಲಿ ಬಂದಿದೆ ಎಂಬುದನ್ನು ಗುರುತಿಸುವುದು ಗಡಿನಾಡಿನ ಇಂದಿನ ಭಾಷಾಹಕ್ಕಿನ ಪ್ರಶ್ನೆಗೂ ಸಂಬಂಧಿಸಿದ್ದು.

ಮೊದಲು ಭೂಗೋಳವನ್ನು ನೋಡಬಹುದು. ತಿರುವನಂತಪುರವು ಸುಮಾರು 8.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಕಾಸರಗೋಡು ಸುಮಾರು 12.5 ಡಿಗ್ರಿಯಲ್ಲಿ. ಉದ್ದನೆಯ ಕರಾವಳಿ ರಾಜ್ಯವೊಂದರ ರಾಜಧಾನಿ ಅದರ ದಕ್ಷಿಣದ ತುದಿಗೆ ಅಂಟಿಕೊಂಡಿದೆ. ಕೆಂಪುಕಲ್ಲಿನ ದಿಬ್ಬಗಳು, ನಡುವಿನ ತಗ್ಗುಗದ್ದೆಗಳು, ಕರಮನ ಮತ್ತು ಕಿಳ್ಳಿ ನದಿಗಳು, ಪಶ್ಚಿಮಕ್ಕೆ ಶಂಖುಮುಖದ ಕಡಲು; ಇದು ನಗರದ ನೆಲ. ಈ ನೆಲ ಹಿಂದೆ ಮುಖ ಮಾಡಿದ್ದು ಮುಖ್ಯವಾಗಿ ದಕ್ಷಿಣಕ್ಕೆ, ಭತ್ತದ ಕಣಜವಾಗಿದ್ದ ನಾಂಜಿನಾಡಿನ ಕಡೆಗೆ. ಉತ್ತರದ ಹಿನ್ನೀರಿನ ದಾರಿಗೆ ವರ್ಕಲದ ಗುಡ್ಡವು ಅಡ್ಡವಾಗಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಸುರಂಗ ಕೊರೆದ ಮೇಲಷ್ಟೇ ದೋಣಿಗಳು ತಡೆಯಿಲ್ಲದೆ ಸಾಗಿದವು. ರೈಲು ಕೂಡ ಈ ನಗರವನ್ನು ಮೊದಲು ಮುಟ್ಟಿದ್ದು ತಮಿಳು ಸೀಮೆಯ ಚೆಂಗೋಟೆಯಿಂದ ಕೊಲ್ಲಂ ಮಾರ್ಗವಾಗಿ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದಾಗ ರಾಜಧಾನಿಗೆ ಕರಾವಳಿಯುದ್ದಕ್ಕೂ ಅಖಂಡವಾದ ರೈಲುದಾರಿ ಇರಲಿಲ್ಲ. ಕೋಟ್ಟಯಂ–ಕೊಲ್ಲಂ ನಡುವಿನ ಹಳಿ ತೆರೆದದ್ದು 1958ರಲ್ಲಿ. ಅದೂ ಮೀಟರ್ ಗೇಜ್. ಎಪ್ಪತ್ತರ ದಶಕದಲ್ಲಿ ಆ ಹಳಿ ಬದಲಾಗುವವರೆಗೂ ಉತ್ತರದ ಪ್ರಯಾಣಿಕರು ಎರ್ನಾಕುಳದಲ್ಲಿ ಗಾಡಿ ಬದಲಿಸಬೇಕಾಗಿತ್ತು. ರಾಜ್ಯದ ನಕ್ಷೆ ಮೊದಲು ಬಂತು, ರಾಜ್ಯವನ್ನು ಜೋಡಿಸುವ ದಾರಿ ಆಮೇಲೆ ಬಂತು.

ಆದರೆ ಪುರಾಣದಲ್ಲಿ ಈ ದಾರಿ ಬಹಳ ಹಿಂದೆಯೇ ತೆರೆದಿತ್ತು. ಪದ್ಮನಾಭಸ್ವಾಮಿ ದೇವಾಲಯದ ಸ್ಥಳಪುರಾಣದ ಒಂದು ಪಾಠದಲ್ಲಿ ಕಥೆಯ ನಾಯಕ ತುಳುನಾಡಿನ ಸನ್ಯಾಸಿಯಾದ ದಿವಾಕರಮುನಿ. ಇನ್ನೊಂದರಲ್ಲಿ ವಿಲ್ವಮಂಗಲ ಸ್ವಾಮಿಯಾರ್. ಪೂಜೆಗೆ ಅಡ್ಡಿಪಡಿಸಿದ ಬಾಲಕನನ್ನು ಮುನಿ ಗದರಿಸುತ್ತಾನೆ, ಬಾಲಕ ಮಾಯವಾಗುತ್ತಾನೆ, ತನ್ನನ್ನು ಅನಂತನ ಕಾಡಿನಲ್ಲಿ ಕಾಣಬಹುದೆಂಬ ಅವನ ಮಾತನ್ನು ಹಿಡಿದು ಮುನಿ ದಕ್ಷಿಣಕ್ಕೆ ನಡೆಯುತ್ತಾನೆ. ಅಲ್ಲಿ ಉರುಳಿದ ಮರದಿಂದ ತೋರಿದ ಶೇಷಶಾಯಿಯ ಶಿರಸ್ಸು ತಿರುವಲ್ಲದಲ್ಲಿ, ನಡು ತಿರುವನಂತಪುರದಲ್ಲಿ, ಪಾದ ತೃಪ್ಪಾಪ್ಪೂರಿನಲ್ಲಿ. ಕುಂಬಳೆಯ ಸಮೀಪದ ಅನಂತಪುರದ ಸರೋವರ ಕ್ಷೇತ್ರವೇ ಆ ದೇವರ ಮೂಲಸ್ಥಾನ ಎಂಬ ನಂಬಿಕೆ ಗಡಿನಾಡಿನಲ್ಲಿ ಇಂದಿಗೂ ಜೀವಂತ. ದೇವಾಲಯದ ನಂಬಿಗಳಲ್ಲಿರುವ ‘ಅಕ್ಕರೆ ದೇಶಿ’, ‘ಇಕ್ಕರೆ ದೇಶಿ’ ಎಂಬ ಎರಡು ಪಂಗಡಗಳ ಹೆಸರು ಆ ದಡ, ಈ ದಡ ಎಂಬ ಅರ್ಥದ್ದು. ಪರಂಪರೆಯಂತೆ ನಡುವೆ ಹರಿಯುವ ನದಿ ಚಂದ್ರಗಿರಿ. 1967ರ ಮಹಾಜನ ಆಯೋಗದ ವರದಿ ರಾಜ್ಯಗಳ ಗಡಿಯಾಗಿ ಸೂಚಿಸಿದ್ದು ಇದೇ ನದಿಯನ್ನು. ಒಂದೇ ಹೊಳೆ ರಾಜಧಾನಿಯ ಗರ್ಭಗುಡಿಯಲ್ಲಿ ಸೇವೆಯ ವಿಂಗಡಣೆಗೂ ಆಯೋಗದ ವರದಿಯಲ್ಲಿ ನಾಡಿನ ವಿಂಗಡಣೆಗೂ ಗುರುತಾಗಿದೆ. ಸ್ಥಳಪುರಾಣವನ್ನು ಇತಿಹಾಸವೆಂದು ಓದಬೇಕಾಗಿಲ್ಲ. ಆದರೆ ರಾಜಧಾನಿಯು ತನ್ನ ಹುಟ್ಟನ್ನು ಹೇಳಿಕೊಳ್ಳಲು ಉತ್ತರದಿಂದ ನಡೆದುಬಂದ ಪರದೇಶಿಯೊಬ್ಬನನ್ನು ಅವಲಂಬಿಸಿದೆ ಎಂಬುದು ಕಥನದ ಮಟ್ಟಿಗೆ ನಿಜ.

ಈ ದೇವರನ್ನು ರಾಜ್ಯದ ಒಡೆಯನನ್ನಾಗಿ ಮಾಡಿದ್ದು ಮಾರ್ತಾಂಡವರ್ಮ. 1750ರ ಜನವರಿಯಲ್ಲಿ ನಡೆದ ತೃಪ್ಪಡಿದಾನದಲ್ಲಿ ಅವನು ರಾಜ್ಯವನ್ನು ಪದ್ಮನಾಭನಿಗೆ ಒಪ್ಪಿಸಿ ತಾನು ಪದ್ಮನಾಭದಾಸನಾದನು. ಆಗ ಆಳ್ವಿಕೆಯ ಕೇಂದ್ರ ಇನ್ನೂ ಪದ್ಮನಾಭಪುರವೇ. ತಿರುವನಂತಪುರಕ್ಕೆ ರಾಜಧಾನಿ ಬದಲಾದದ್ದು ಅವನ ಉತ್ತರಾಧಿಕಾರಿ ಧರ್ಮರಾಜನ ಕಾಲದಲ್ಲಿ, 1795ರಲ್ಲಿ. 1956ರ ಪುನರ್ವಿಂಗಡಣೆಯಲ್ಲಿ ತೋವಾಳ, ಅಗಸ್ತೀಶ್ವರಂ, ಕಲ್ಕುಳಂ, ವಿಳವಂಕೋಡು ತಾಲೂಕುಗಳು ಮದ್ರಾಸಿಗೆ ಹೋದವು. ಹಳೆಯ ರಾಜಧಾನಿಯ ಅರಮನೆ ಇಂದು ತಮಿಳುನಾಡಿನ ನೆಲದಲ್ಲಿ ಕೇರಳ ಸರ್ಕಾರದ ಒಡೆತನದಲ್ಲಿದೆ. ಗಡಿ ಎಂಬುದು ಕಾಸರಗೋಡಿನವರ ಸಂಕಟ ಮಾತ್ರವೆಂದು ತಿಳಿಯುವವರು ಇದನ್ನು ನೆನೆಯಬೇಕು. ಅದೇ ದಿನ ರಾಜಧಾನಿಯೂ ತನ್ನ ಪೂರ್ವವೃತ್ತಾಂತವನ್ನು ಗಡಿಯಾಚೆ ಬಿಟ್ಟುಕೊಟ್ಟಿತು.

ಈ ನಗರಕ್ಕೆ ಆಧುನಿಕ ಕಥನವನ್ನು ಕೊಟ್ಟವರು ಸಿ.ವಿ. ರಾಮನ್ ಪಿಳ್ಳೆ. ಅವರ ಮೊದಲ ಐತಿಹಾಸಿಕ ಕಾದಂಬರಿ ‘ಮಾರ್ತಾಂಡವರ್ಮ’ ಪ್ರಕಟವಾದದ್ದು 1891ರಲ್ಲಿ. ಪದ್ಮನಾಭನ್ ತಂಬಿಯನ್ನು ಪಟ್ಟಕ್ಕೇರಿಸಲು ಎಟ್ಟುವೀಟ್ಟಿಲ್ ಪಿಳ್ಳಮಾರರು ನಡೆಸುವ ಒಳಸಂಚು, ತಲೆತಪ್ಪಿಸಿಕೊಂಡು ತಿರುಗುವ ಯುವರಾಜ, ಸತ್ತನೆಂದು ಎಲ್ಲರೂ ನಂಬಿದ ಅನಂತಪದ್ಮನಾಭನು ಮರುಳ ಚಾನ್ನಾನನ ವೇಷದಲ್ಲಿ ಮರಳುವುದು ಅದರ ವಸ್ತು. ಗಾಯಗೊಂಡು ಕಾಡಿನಲ್ಲಿ ಬಿದ್ದ ಈ ತರುಣನನ್ನು ಉಳಿಸಿದವರು ಪಠಾಣ ವರ್ತಕರು. ನಗರದ ಅಂಚಿನ ಮಣಕ್ಕಾಡಿನಲ್ಲಿ ಅವರ ಬಿಡಾರ. ಸಿಂಹಾಸನವನ್ನು ಅಲುಗಾಡಿಸುವವರು ಒಳಗಿನ ಕುಲೀನರು. ಅದನ್ನು ಉಳಿಸುವುದಕ್ಕೆ ಹೊರಗಿನವರ ಮತ್ತು ಕೆಳಜಾತಿಯ ವೇಷದವನ ನೆರವು ಬೇಕಾಗುತ್ತದೆ. ಕಾದಂಬರಿಯ ಸಂಭಾಷಣೆಯಲ್ಲಿ ದಕ್ಷಿಣ ತಿರುವಾಂಕೂರಿನ ಹಲವು ಆಡುನುಡಿಗಳು ಕೇಳಿಸುತ್ತವೆ. ಆಧುನಿಕ ಕಥನದಲ್ಲಿ ಈ ರಾಜಧಾನಿ ಏಕಭಾಷೆಯ ನಗರವಾಗಿ ಹುಟ್ಟಲಿಲ್ಲ.

ಇದೇ 1891ರ ಜನವರಿಯಲ್ಲಿ ‘ಮಲಯಾಳಿ ಮೆಮೋರಿಯಲ್’ ಎಂಬ ಮನವಿ ಮಹಾರಾಜರಿಗೆ ಸಲ್ಲಿಕೆಯಾಯಿತು. ಹತ್ತು ಸಾವಿರಕ್ಕೂ ಮಿಕ್ಕ ಸಹಿಗಳಿದ್ದ ಆ ಮನವಿಯ ದೂರು, ಉನ್ನತ ಹುದ್ದೆಗಳೆಲ್ಲ ಪರದೇಶಿ ಬ್ರಾಹ್ಮಣರ ಪಾಲಾಗಿ ನಾಡವರು ತಮ್ಮ ನಾಡಿನಲ್ಲೇ ಹೊರಗುಳಿದಿದ್ದಾರೆ ಎಂಬುದು. ಸಿ.ವಿ. ಈ ಚಳವಳಿಯಲ್ಲಿ ಸಕ್ರಿಯರಾಗಿದ್ದರು. ಕಾದಂಬರಿಕಾರನು ಹೊರಗಿನವರಿಗೆ ಆಸರೆ ಕೊಟ್ಟ ವರ್ಷದಲ್ಲೇ ಮನವಿದಾರನು ಹೊರಗಿನವರ ವಿರುದ್ಧ ದನಿಯೆತ್ತಿದ್ದನು. ಈ ಇಬ್ಬಂದಿಯನ್ನು ಕಪಟವೆಂದು ತಳ್ಳಿಹಾಕುವುದು ಸುಲಭ. ಆದರೆ ‘ನಾಡವರು ಯಾರು’ ಎಂಬ ಪ್ರಶ್ನೆಗೆ ಆ ಕಾಲದ ರಾಜಧಾನಿಯಲ್ಲಿ ಒಂದೇ ಉತ್ತರವಿರಲಿಲ್ಲ ಎಂದು ಅದನ್ನು ಓದುವುದು ಹೆಚ್ಚು ಸರಿ. ಆ ಮನವಿಗೆ ಸಹಿ ಹಾಕಿದ್ದ ಡಾ. ಪಲ್ಪು ಈಳವ ಜಾತಿಯವರೆಂಬ ಕಾರಣಕ್ಕೆ ತಿರುವಾಂಕೂರಿನ ವೈದ್ಯಸೇವೆಯಲ್ಲಿ ಅವಕಾಶ ಸಿಗದೆ ಮೈಸೂರು ಸಂಸ್ಥಾನದ ಸೇವೆಗೆ ಸೇರಿದವರು. 1896ರಲ್ಲಿ ಅವರು ಸಲ್ಲಿಸಿದ ‘ಈಳವ ಮೆಮೋರಿಯಲ್’ ಮೊದಲ ಮನವಿಯ ‘ನಾಡವರು’ ಎಂಬ ಪದದೊಳಗಿನ ಬಿರುಕನ್ನು ಬಯಲಿಗೆ ತಂದಿತು.

ಸಿ.ವಿ.ಯವರ ಕೊನೆಯ ಐತಿಹಾಸಿಕ ಕಾದಂಬರಿ ‘ರಾಮರಾಜಬಹದ್ದೂರ್’ನಲ್ಲಿ ಉತ್ತರವು ಎರಡನೆಯ ವೇಷದಲ್ಲಿ ಬರುತ್ತದೆ. ಟಿಪ್ಪುವಿನ ದಂಡಯಾತ್ರೆ ಅದರ ಹಿನ್ನೆಲೆ. ಚರಿತ್ರೆಯಲ್ಲಿ ಆ ಸೇನೆ 1789ರ ಡಿಸೆಂಬರಿನಲ್ಲಿ ನೆಡುಂಕೋಟೆಯ ಮೇಲೆ ಎರಗಿ, ಮರುವರ್ಷ ಪೆರಿಯಾರ್ ದಡದವರೆಗೆ ಬಂದು ಹಿಂದಿರುಗಿತು. ರಾಜಧಾನಿಯನ್ನು ಕಾಣಲೇ ಇಲ್ಲ. ಕಾದಂಬರಿಯ ಕಲ್ಪನೆಗೆ ಅಷ್ಟು ಸಾಕಾಯಿತು. ಸ್ಥಳಪುರಾಣದಲ್ಲಿ ಉತ್ತರದಿಂದ ಬಂದವನು ಭಕ್ತ. ಇಲ್ಲಿ ಬರುವವನು ಶತ್ರು. ಮೈಸೂರು ಎಂಬ ಹೆಸರು ತಿರುವಾಂಕೂರಿನ ನಾಡಪ್ರೇಮದ ಭಾಷೆಯಲ್ಲಿ ಭೀತಿಯ ಪದವಾಗಿ ನೆಲೆಗೊಂಡದ್ದಕ್ಕೆ ಈ ಕಾದಂಬರಿಯ ಕೊಡುಗೆಯೂ ಇದೆ. ಪಲ್ಪು ಅವರಿಗೆ ಅನ್ನ ಕೊಟ್ಟ ಮೈಸೂರು ಅಲ್ಲಿಲ್ಲ. ಕಾದಂಬರಿಯ ಮಿತಿಯನ್ನು ಇಲ್ಲಿಯೇ ಗುರುತಿಸಬೇಕು: ರಾಜನಿಷ್ಠೆಯ ಕಥೆಗೆ ಒಬ್ಬ ಶತ್ರು ಬೇಕಾದಾಗ, ‘ಮಾರ್ತಾಂಡವರ್ಮ’ದಲ್ಲಿ ಹೊರಗಿನವರಿಗಿದ್ದ ಸಂಕೀರ್ಣ ಸ್ಥಾನ ಕುಗ್ಗುತ್ತದೆ.

1956ರಲ್ಲಿ ಉತ್ತರದಿಂದ ಬಂದದ್ದು ಸನ್ಯಾಸಿಯಲ್ಲ, ಸೈನ್ಯವೂ ಅಲ್ಲ. ಕನ್ನಡ ಮಾತನಾಡುವ ಪ್ರಜೆಗಳು, ಕೈಯಲ್ಲಿ ಮನವಿಪತ್ರಗಳು. 1969ರ ಕೇರಳ ಅಧಿಕೃತ ಭಾಷಾ ಶಾಸನವು ತಮಿಳು ಮತ್ತು ಕನ್ನಡ ಅಲ್ಪಸಂಖ್ಯಾತರಿಗೆ ಸಚಿವಾಲಯದೊಡನೆ ತಮ್ಮ ಭಾಷೆಯಲ್ಲೇ ಪತ್ರವ್ಯವಹಾರ ನಡೆಸುವ ಹಕ್ಕನ್ನು ಕೊಟ್ಟಿತು. ಉತ್ತರವೂ ಅದೇ ಭಾಷೆಯಲ್ಲಿ ಬರಬೇಕೆಂದು ವಿಧಿಸಿತು. ಈ ವಿಧಿಯನ್ನು ರಾಜಧಾನಿಯ ಔದಾರ್ಯವೆಂದು ಗಡಿನಾಡಿನವರೂ ಆಗಾಗ ಒಪ್ಪಿಕೊಂಡುಬಿಡುತ್ತಾರೆ. ಔದಾರ್ಯವೆಂದು ತಿಳಿದದ್ದನ್ನು ಹಿಂದಕ್ಕೆ ಪಡೆದಾಗ ಪ್ರಶ್ನಿಸುವುದು ಕಷ್ಟ. 1891ರ ಮನವಿಯ ತರ್ಕವನ್ನು ಈ ಶಾಸನದ ಪಕ್ಕದಲ್ಲಿಟ್ಟರೆ ಬೇರೆಯೇ ಚಿತ್ರ ಕಾಣುತ್ತದೆ. ನೆಲಕ್ಕೆ ಸೇರಿದವರು ಆ ನೆಲದ ಆಡಳಿತದಲ್ಲಿ ಪರಕೀಯರಾಗಬಾರದು ಎಂಬ ವಾದದ ಮೇಲೆಯೇ ತಿರುವನಂತಪುರದ ಆಧುನಿಕ ರಾಜಕಾರಣ ನಿಂತಿದೆ. ಕಾಸರಗೋಡಿನ ಕನ್ನಡಿಗರ ಮನವಿ ಕೇಳುವುದೂ ಅದನ್ನೇ. ರಾಜಧಾನಿಯ ಅತ್ಯುತ್ತಮ ಪರಂಪರೆಗೆ ಅದು ಅನ್ಯವಲ್ಲ, ಅದರ ಮುಂದುವರಿಕೆ.

ಇದನ್ನು ಹೇಳಬಲ್ಲವರು ಎರಡೂ ಭಾಷೆಗಳನ್ನು ಓದಬಲ್ಲ ಗಡಿನಾಡಿನ ವಿದ್ವಾಂಸರು. ಮಲಯಾಳದ ವಿಮರ್ಶೆ ಸಿ.ವಿ.ಯವರನ್ನು ಬಹುಮುಖವಾಗಿ ಚರ್ಚಿಸಿದೆ. ಆದರೆ ಚಂದ್ರಗಿರಿಯ ದಡದಿಂದ ಅವರನ್ನು ಓದುವ ಕೆಲಸ ಕನ್ನಡಕ್ಕೆ ಬಿಟ್ಟದ್ದು. ಸ್ಥಳಪುರಾಣದ ದಿವಾಕರಮುನಿಯನ್ನು ಭಕ್ತಿಯ ಕಥೆಗೆ ಮಾತ್ರ ಒಪ್ಪಿಸದೆ, ‘ರಾಮರಾಜಬಹದ್ದೂರ್’ನ ಶತ್ರುವನ್ನು ಸಿಟ್ಟಿನಿಂದ ಬದಿಗೊತ್ತದೆ, 1891ರ ಮನವಿಯ ಪಕ್ಕದಲ್ಲಿ ಇಂದಿನ ಮನವಿಗಳನ್ನು ಇಟ್ಟು ಓದಿದರೆ, ತಿರುವನಂತಪುರವು ಕಾಸರಗೋಡಿನ ಪಾಲಿಗೂ ಚರಿತ್ರೆಯುಳ್ಳ ಊರಾಗುತ್ತದೆ. ಆಗ ಅಲ್ಲಿಗೆ ಹೋಗುವ ಮನವಿಪತ್ರದ ಭಾಷೆ ಕನ್ನಡವಾಗಿದ್ದರೂ ಅದರ ವಾದವನ್ನು ಅಲ್ಲಿನವರು ಗುರುತಿಸದಿರಲು ನೆಪ ಉಳಿಯದು.