ಗ್ಲೋಬಿನ ವಯಸ್ಸು

ಮುಂಬಯಿಯ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಗ್ರಾಮೋಫೋನು, ಸಿನಿಮಾ ಪೋಸ್ಟರು, ಹಡಗಿನ ಲಾಟೀನುಗಳ ಮಧ್ಯೆ ಒಮ್ಮೊಮ್ಮೆ ಹಳೆಯ ಗ್ಲೋಬೂ ಕಣ್ಣಿಗೆ ಬೀಳುತ್ತದೆ. ಅಂಗಡಿಯವನ ಬಾಯಲ್ಲಿ ಅದು ಯಾವತ್ತೂ 'ಅಂಗ್ರೇಜೋಂ ಕೆ ಜಮಾನೆ ಕಾ'. ಕಾಗದ ಚಹಾದ ಬಣ್ಣಕ್ಕೆ ತಿರುಗಿದ್ದರೆ ಗಿರಾಕಿಯೂ ತಲೆದೂಗುತ್ತಾನೆ. ಬಳಿದದ್ದು ಚಹಾವೇ ಆಗಿರಬಹುದೆಂಬ ಗುಮಾನಿ ಅವನಿಗೆ ಬರುವುದಿಲ್ಲ.

ಪಳಗಿದವನು ಬಣ್ಣ ನೋಡುವುದಿಲ್ಲ, ಹೆಸರು ಓದುತ್ತಾನೆ. ಆಫ್ರಿಕಾದಲ್ಲಿ ಜೈರ್ ಎಂದಿದ್ದರೆ ಗ್ಲೋಬು 1971ಕ್ಕಿಂತ ಹಳೆಯದಲ್ಲ. ಜಿಂಬಾಬ್ವೆಯ ಜಾಗದಲ್ಲಿ ರೊಡೇಷಿಯಾ ಇದ್ದರೆ 1980ಕ್ಕೆ ಮುಂಚಿನ ನಕಾಶೆ. 'ಬಾಂಬೆ'ಯನ್ನು ನಂಬಿ ಮಾತ್ರ ದುಡ್ಡು ಬಿಚ್ಚಬಾರದು; 1995ರಲ್ಲಿ ಹೆಸರು ಬದಲಾದ ಮೇಲೂ ಅದು ಬಹಳಷ್ಟು ಕಡೆ ಅಚ್ಚಾಗುತ್ತಲೇ ಇತ್ತು. ಇನ್ನು ಅಂಗ್ರೇಜರ ಕಾಲದ ಗ್ಲೋಬಿನಲ್ಲಿ ಪಾಕಿಸ್ತಾನ ಕಂಡರೆ ನಕ್ಕು ಮುಂದಿನ ಅಂಗಡಿಗೆ ಹೋಗುವುದೇ ಸರಿ.

ಆಮೇಲೆ ಬೆರಳಿನ ಕೆಲಸ. ಉಂಡೆಗೆ ಒಂದೇ ಹಾಳೆ ಸುತ್ತಲಾಗದು, ಸುಕ್ಕುಗಟ್ಟುತ್ತದೆ. ಅದಕ್ಕೇ ನಡು ಅಗಲ, ತುದಿ ಚೂಪಾದ ಪಟ್ಟಿಗಳನ್ನು, ಸಾಮಾನ್ಯವಾಗಿ ಹನ್ನೆರಡನ್ನು, ಪಕ್ಕಪಕ್ಕ ಅಂಟಿಸುತ್ತಾರೆ. ಸಮಭಾಜಕದ ಗೆರೆ ಪಟ್ಟಿಯಿಂದ ಪಟ್ಟಿಗೆ ಮೆಟ್ಟಿಲು ಹತ್ತಿಳಿದಂತೆ ಹೋಗಿದ್ದರೆ ಅಂಟಿಸಿದವನ ಕೈ ನಡುಗಿದೆ.

30 ಸೆಂಟಿಮೀಟರ್ ವ್ಯಾಸದ ಗ್ಲೋಬಿನಲ್ಲಿ ಒಂದು ಸೆಂಟಿಮೀಟರೆಂದರೆ ಸುಮಾರು 425 ಕಿಲೋಮೀಟರು. ಮುಂಬಯಿ–ಬೆಂಗಳೂರು ಎರಡೇ ಸೆಂಟಿಮೀಟರು. ಚರ್ಚ್‌ಗೇಟಿನಿಂದ ಬೊರಿವಲಿಗೆ ಲೋಕಲ್ಲಿನಲ್ಲಿ ಬೆವರುತ್ತಾ ನಿಂತುಕೊಂಡು ಹೋಗುವ ದಾರಿ ಒಂದು ಮಿಲಿಮೀಟರೂ ಇಲ್ಲ. ಎವರೆಸ್ಟಿನ ಎತ್ತರ ಇದರಲ್ಲಿ 0.2 ಮಿಲಿಮೀಟರು. ಹಿಮಾಲಯ ಬೆರಳಿಗೆ ಗುಡ್ಡದಂತೆ ತಾಗುವ ಉಬ್ಬು ಗ್ಲೋಬುಗಳು ಚೆಂದದ ಸುಳ್ಳುಗಳು. ಮುಂಬಯಿಯ ಹೆಸರನ್ನಂತೂ ನೆಲದಲ್ಲಿ ಜಾಗ ಸಾಲದೆ ಅರಬ್ಬಿ ಸಮುದ್ರದ ಮೇಲೆ ಅಚ್ಚು ಹಾಕುವುದೇ ಹೆಚ್ಚು. ಸಮುದ್ರ ತುಂಬಿ ಏಳು ದ್ವೀಪಗಳನ್ನು ಬೆಸೆದ ಊರಿಗೆ ಅದೇನೂ ಹೊಸತಲ್ಲ ಬಿಡಿ.

ಕೆಲವು ಗ್ಲೋಬುಗಳ ಉತ್ತರ ಧ್ರುವದಲ್ಲಿ 24 ಗಂಟೆ ಗುರುತಿಸಿದ ಪುಟ್ಟ ಬಿಲ್ಲೆಯಿರುತ್ತದೆ. ಅಲಂಕಾರಕ್ಕೆಂದು ಇಟ್ಟದ್ದಲ್ಲ ಅದು. ರೇಖಾಂಶದ ಒಂದು ಡಿಗ್ರಿಗೆ ನಾಲ್ಕು ನಿಮಿಷ. ಭಾರತದ ಸಮಯ ಹೊಂದಿಸಿರುವುದು 82.5 ಡಿಗ್ರಿಗೆ, ಮುಂಬಯಿ ಇರುವುದು 72.8ರ ಆಸುಪಾಸಿನಲ್ಲಿ. ಬಿಲ್ಲೆ ತೋರುವ ವ್ಯತ್ಯಾಸ ಸುಮಾರು 39 ನಿಮಿಷ. 1906ರಲ್ಲಿ ಭಾರತೀಯ ಕಾಲಮಾನ ಬಂದರೂ ಈ ಊರು ಜಗ್ಗದೆ, ಅಷ್ಟೇ ನಿಮಿಷ ಹಿಂದಿದ್ದ 'ಬಾಂಬೆ ಟೈಮ್' ಅನ್ನು ದಶಕಗಟ್ಟಲೆ ಹಿಡಿದುಕೊಂಡಿತ್ತು.

ಆ ಬಿಲ್ಲೆ ಕಳೆದುಹೋಗಿದ್ದರೆ ಧೈರ್ಯವಾಗಿ ಚೌಕಾಸಿ ಮಾಡಬಹುದು. ಮಟನ್ ಸ್ಟ್ರೀಟಿನ ಅಂಗಡಿಗಳಿಗೆ ಶುಕ್ರವಾರ ರಜೆ.