ಭಾನುವಾರ ಓಡದ ಓಟಗಾರ

ದಸರಾ ಬಂದರೆ ಹೆಗ್ಗಡದೇವನಕೋಟೆ, ಹುಣಸೂರು ಕಡೆಯಿಂದ ಮೈಸೂರಿಗೆ ಹೊರಡುವವರೆಲ್ಲ ಜಂಬೂಸವಾರಿ ನೋಡಲೆಂದೇ ಹೊರಡುವುದಿಲ್ಲ. ಕುಸ್ತಿಯ ಹುಚ್ಚಿನವರು ನೇರವಾಗಿ ದೇವರಾಜ ಅರಸು ಕ್ರೀಡಾಂಗಣದ ದಾರಿ ಹಿಡಿಯುತ್ತಾರೆ. ಅಲ್ಲಿ ನಮಗೆ ಕಾಣುವುದು ಕೆಲವೇ ನಿಮಿಷಗಳ ಸೆಣಸಾಟ. ಅದರ ಹಿಂದೆ ಗರಡಿಯ ಕೆಮ್ಮಣ್ಣಿನಲ್ಲಿ ಬೆಳಗಿನ ಜಾವ ಹೊಡೆದ ಸಾವಿರಾರು ಬಸ್ಕಿ, ನಾಲಿಗೆಗೆ ಹಾಕಿಕೊಂಡ ಕಡಿವಾಣ, ಉಸ್ತಾದರಿಂದ ತಿಂದ ಬೈಗುಳ ಯಾವುದೂ ಕಾಣುವುದಿಲ್ಲ.

ಧರ್ಮದ ಬದುಕೂ ಇಂಥದೇ ಎಂದು ಹೆಚ್ಚು ಕಡಿಮೆ ಎರಡು ಸಾವಿರ ವರ್ಷಗಳ ಹಿಂದೆ ಬರೆದವನು ಸಂತ ಪೌಲ. ಅವನು ಕೊರಿಂಥದ ಕ್ರೈಸ್ತರಿಗೆ ಬರೆದ ಮೊದಲ ಪತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಈ ಮಾತಿದೆ. ಆ ಊರಿನ ಪಕ್ಕದಲ್ಲೇ ಎರಡು ವರ್ಷಕ್ಕೊಮ್ಮೆ ದೊಡ್ಡ ಕ್ರೀಡೋತ್ಸವ ನಡೆಯುತ್ತಿತ್ತು. ಗೆದ್ದವನಿಗೆ ಎಲೆಯ ಕಿರೀಟ. ನಾಲ್ಕು ದಿನಕ್ಕೆ ಬಾಡುವ ಕಿರೀಟಕ್ಕಾಗಿ ಅವರು ಅಷ್ಟು ಸಂಯಮದಿಂದ ಇರುವುದಾದರೆ, ಬಾಡದ ಕಿರೀಟವನ್ನು ಬಯಸುವ ನಾವು ಹೇಗಿರಬೇಕು ಎಂಬುದು ಪೌಲನ ಪ್ರಶ್ನೆ. ಓದುಗರ ಕಣ್ಣೆದುರಿಗಿದ್ದ ಮೈದಾನವನ್ನೇ ಎತ್ತಿ ಪತ್ರದೊಳಗೆ ಇಟ್ಟವನು ಒಳ್ಳೆಯ ಬರಹಗಾರನೇ ಇರಬೇಕು.

ಉರ್ದು ಬಲ್ಲ ಮನೆಗಳಿಗೆ ಇದು ಹೊಸ ವಿಚಾರವಲ್ಲ. ನಾವು 'ರಿಯಾಝತ್' ಎನ್ನುವ ಪದಕ್ಕೆ ಮೂಲವಾದ ಅರಬಿ ಪದ ಇಂದಿಗೂ ಆಟೋಟಕ್ಕೂ ಸಲ್ಲುತ್ತದೆ, ಆತ್ಮವನ್ನು ಪಳಗಿಸುವುದಕ್ಕೂ ಸಲ್ಲುತ್ತದೆ. ಇಮಾಮ್ ಗಝಾಲಿಯವರ 'ಇಹ್ಯಾ'ದಲ್ಲಿ ನಫ್ಸನ್ನು ಹೀಗೆ ಪಳಗಿಸುವ ಬಗ್ಗೆಯೇ ಒಂದು ಭಾಗವಿದೆ. ಸಂಗೀತಗಾರರ ರಿಯಾಝ್ ಕೂಡ ಇದೇ ಮನೆತನದ್ದು.

ಆದರೆ ಪೌಲನ ಹೋಲಿಕೆಯಲ್ಲಿ ಒಂದು ಅಪಾಯವೂ ಇದೆ. ಓಟದಲ್ಲಿ ಗೆಲ್ಲುವವನು ಒಬ್ಬನೇ. ಭಕ್ತಿಯಲ್ಲಿ ಹಾಗಲ್ಲ ಎಂಬುದನ್ನು ಪೌಲನೂ ಬಲ್ಲ. ಓದಿದವರು ಮರೆತುಬಿಡುತ್ತಾರೆ. ರಮಝಾನಿನಲ್ಲಿ ಎಷ್ಟು ಖತಂ ಮುಗಿಸಿದಿರಿ ಎಂದು ಒಬ್ಬರನ್ನೊಬ್ಬರು ಕೇಳುವ, ಪಕ್ಕದ ಮನೆಯವನ ರೋಝಾ ಲೆಕ್ಕ ಹಾಕುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತೋರಿಕೆಯ ಈ ರೋಗಕ್ಕೆ 'ರಿಯಾ' ಎಂಬ ಹೆಸರೇ ಇದೆ.

ಪೌಲನ ಮಾತಿಗೆ ಕಾಲು ಮೂಡಿದಂತೆ ಬದುಕಿದವನು ಸ್ಕಾಟ್ಲೆಂಡಿನ ಓಟಗಾರ ಎರಿಕ್ ಲಿಡೆಲ್. ಅವನನ್ನು ಜಗತ್ತಿಗೆಲ್ಲ ಪರಿಚಯಿಸಿದ್ದು ಹ್ಯೂ ಹಡ್ಸನ್ ನಿರ್ದೇಶಿಸಿ, 1981ರಲ್ಲಿ ತೆರೆಕಂಡ 'ಚಾರಿಯಟ್ಸ್ ಆಫ್ ಫೈರ್'. ಶ್ರೇಷ್ಠ ಚಿತ್ರದ ಆಸ್ಕರ್ ಪಡೆದ ಸಿನಿಮಾ. 1924ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟದ ಮೊದಲ ಸುತ್ತು ಭಾನುವಾರ ಬಿತ್ತು. ಪ್ರಭುವಿನ ದಿನದಂದು ಓಡುವುದಿಲ್ಲ ಎಂದ ಲಿಡೆಲ್, ಬದಲಿಗೆ 400 ಮೀಟರ್ ಓಡಿ 47.6 ಸೆಕೆಂಡಿನಲ್ಲಿ ಚಿನ್ನ ಗೆದ್ದ.

ಚಿತ್ರ ಚೆನ್ನಾಗಿದೆ, ಎರಡು ಮಾತಿಲ್ಲ. ಆದರೆ ಅದು ಒಂದು ಜಾಗದಲ್ಲಿ ಮೋಸ ಮಾಡುತ್ತದೆ. ಭಾನುವಾರದ ಸುದ್ದಿ ಲಿಡೆಲ್‌ಗೆ ಹಡಗು ಹತ್ತುವ ಹೊತ್ತಿಗೆ ತಿಳಿಯುತ್ತದೆ ಎಂದು ತೋರಿಸುತ್ತಾರೆ. ಅಲ್ಲಿಂದ ತಳಮಳ, ದೊಡ್ಡವರ ಒತ್ತಡ, ಕೊನೆಗೆ ಸಹ ಆಟಗಾರನೊಬ್ಬ 400 ಮೀಟರಿನ ತನ್ನ ಸ್ಥಾನವನ್ನೇ ಬಿಟ್ಟುಕೊಡುವ ನಾಟಕ. ನಿಜದಲ್ಲಿ ಅವನಿಗೆ ಆ ವೇಳಾಪಟ್ಟಿ ತಿಂಗಳುಗಳ ಮೊದಲೇ ಗೊತ್ತಿತ್ತು. ಬೇಡ ಎಂದವನು ಸುಮ್ಮನೆ ಬೇರೆ ದೂರದ ಓಟಕ್ಕೆ ತಯಾರಿ ನಡೆಸಿದ. ಕತೆಗಾರನಾಗಿ ನನಗೆ ಚಿತ್ರಕತೆಗಾರನ ಕಷ್ಟ ಅರ್ಥವಾಗುತ್ತದೆ. ಒಂದೇ ಗಳಿಗೆಯ ತ್ಯಾಗಕ್ಕೆ ಚಪ್ಪಾಳೆ ಬೀಳುತ್ತದೆ, ದಿನಾ ಬೆಳಿಗ್ಗೆ ಎದ್ದು ಬಸ್ಕಿ ಹೊಡೆಯುವುದಕ್ಕೆ ಬೀಳುವುದಿಲ್ಲ. ಆದರೂ ಪೌಲ ಹೇಳಿದ್ದು ಆ ಬಸ್ಕಿಯ ಬಗ್ಗೆಯೇ ಅಲ್ಲವೇ?

ಇನ್ನೊಂದು ನಷ್ಟ ಇದಕ್ಕಿಂತ ದೊಡ್ಡದು. ಚಿನ್ನದ ಪದಕದ ನಂತರದ ಇಪ್ಪತ್ತು ವರ್ಷಗಳನ್ನು ಚಿತ್ರ ಕೊನೆಯ ಒಂದೆರಡು ಸಾಲಿನ ಬರಹಕ್ಕೆ ಒಪ್ಪಿಸಿಬಿಡುತ್ತದೆ. ಲಿಡೆಲ್ 1925ರಲ್ಲಿ ತಾನು ಹುಟ್ಟಿದ ಚೀನಾಕ್ಕೆ ಮಿಷನರಿಯಾಗಿ ಹೋದ. ತಿಯೆನ್‌ಜಿನ್‌ನ ಕಾಲೇಜಿನಲ್ಲಿ ಪಾಠ ಹೇಳಿದ. ಯುದ್ಧದ ಭಯದಿಂದ 1941ರಲ್ಲಿ ಹೆಂಡತಿ ಮಕ್ಕಳನ್ನು ಕೆನಡಾಕ್ಕೆ ಕಳಿಸಿ ತಾನು ಅಲ್ಲೇ ಉಳಿದ. 1943ರಲ್ಲಿ ಜಪಾನೀಯರು ಅವನನ್ನು ವೈಶಿಯೆನ್ ಎಂಬಲ್ಲಿನ ಬಂಧನ ಶಿಬಿರಕ್ಕೆ ಹಾಕಿದರು. ಆಗ ಅವನಿಗೆ ನಲವತ್ತೊಂದು, ಹೆಚ್ಚು ಕಡಿಮೆ ನನ್ನ ಈಗಿನ ವಯಸ್ಸು. ಅಪ್ಪ ಅಮ್ಮಂದಿರಿಂದ ದೂರವಾಗಿ ಶಿಬಿರ ಸೇರಿದ್ದ ಮಕ್ಕಳು ಅಲ್ಲಿ ಬಹಳವಿದ್ದರು. ಅವರಿಗೆ ವಿಜ್ಞಾನ ಕಲಿಸಿದ, ಆಟ ಆಡಿಸಿದ. ಭಾನುವಾರ ಮಾತ್ರ ಆಟ ಇಲ್ಲ.

ಮಕ್ಕಳು ಕೇಳುತ್ತಾರೆಯೇ? ಒಂದು ಭಾನುವಾರ ತಾವೇ ಹಾಕಿ ಆಡಲು ಇಳಿದರು. ತೀರ್ಪುಗಾರನಿಲ್ಲದೆ ಆಟ ಹೊಡೆದಾಟದಲ್ಲಿ ಮುಗಿಯಿತು. ಮುಂದಿನ ಭಾನುವಾರ ತೀರ್ಪುಗಾರನಾಗಿ ಮೈದಾನದಲ್ಲಿ ನಿಂತಿದ್ದವನು ಲಿಡೆಲ್.

ಒಲಿಂಪಿಕ್ ಪದಕಕ್ಕೂ ಮುರಿಯದ ನಿಯಮವನ್ನು ಬೇಸರ ಹತ್ತಿದ ಹುಡುಗರಿಗಾಗಿ ಬಿಟ್ಟವನು ಇವನು. ಇದನ್ನು ಸೋಲು ಎಂದು ಓದುವವರು ಇರಬಹುದು. ನನಗೆ ಅದೊಂದು ಹದೀಸ್ ನೆನಪಾಗುತ್ತದೆ. ಪ್ರವಾದಿಯವರ(ಸ) ಜೊತೆ ಬಿರುಬಿಸಿಲಿನ ಪಯಣ. ಕೆಲವರಿಗೆ ಉಪವಾಸ, ಕೆಲವರಿಗೆ ಇಲ್ಲ. ತಂಗುವ ಜಾಗ ತಲುಪಿದಾಗ ಉಪವಾಸಿಗರು ನಿತ್ರಾಣರಾಗಿ ಬಿದ್ದರು. ಮಿಕ್ಕವರು ಗುಡಾರ ಹೊಡೆದು ಪ್ರಾಣಿಗಳಿಗೆ ನೀರುಣಿಸಿದರು. ಆ ದಿನದ ಪುಣ್ಯವೆಲ್ಲ ಉಪವಾಸ ಇಲ್ಲದವರ ಪಾಲಾಯಿತು ಎಂದರಂತೆ ಪ್ರವಾದಿಯವರು(ಸ). ಗರಡಿಯಲ್ಲೂ ಅಷ್ಟೆ. ಮೈ ಗಟ್ಟಿಯಾದರೆ ಸಾಲದು, ಪಟ್ಟು ಬದಲಿಸಬೇಕಾದಲ್ಲಿ ಬಾಗಬೇಕು. ಮರದ ಕೊರಡಿನಂತೆ ನಿಂತವನನ್ನು ಎತ್ತಿ ಒಗೆಯುವುದು ಸುಲಭ.

ಚಿತ್ರ ಕಡಲ ದಂಡೆಯ ಓಟವನ್ನು ಆರಂಭದ ಭಾಗದಲ್ಲೇ ತೋರಿಸಿ, ಆ ಮರೆಯಲಾಗದ ಸಂಗೀತದೊಂದಿಗೆ ಮತ್ತೆ ಅದೇ ಓಟಕ್ಕೆ ಮರಳುತ್ತದೆ. ಆ ಶಿಬಿರದ ಹಾಕಿ ಮೈದಾನ ಅದರಲ್ಲಿ ಎಲ್ಲೂ ಇಲ್ಲ. ಮಿದುಳಿನ ಗೆಡ್ಡೆಯಿಂದ ಲಿಡೆಲ್ ಅಲ್ಲೇ ತೀರಿಕೊಂಡದ್ದು 1945ರ ಫೆಬ್ರವರಿಯಲ್ಲಿ. ಶಿಬಿರದ ಬಾಗಿಲು ತೆರೆದದ್ದು ಆಗಸ್ಟಿನಲ್ಲಿ.